ಪಟ್ಟೆ ಬಟ್ಟೆಯ ಕೆಳಗಿನ ಕೈ

ನಿಕಾನೋರ್ ಯುಹ್ರಾ ಸತ್ತು ಇಷ್ಟು ವರ್ಷವಾದ್ರೂ, ಒರುರೊ ಊರಿನ ಈ ಚೌಕದಲ್ಲಿ ಅವನ ಮಾತೆತ್ತಿದ ಜನ ನನ್ನ ಅಂಗಡಿ ಹತ್ತಿರ ಬರ್ತಿದ್ದ ಹಾಗೇ ದನಿ ತಗ್ಗಿಸ್ತಾರೆ. ತಗ್ಗಿಸಲಿ, ನನಗೇನು! ಅವನ ಕತೆ ಪೂರ್ತಿ ಗೊತ್ತಿರೋಳು ನಾನೊಬ್ಬಳೇ. ಇಪ್ಪತ್ತಾರು ವರ್ಷ ಅವನ ಪಕ್ಕದಲ್ಲೇ ಒಲೆ ಹೂಡಿ ಆಪಿ ಮಾರಿದವಳು ನಾನು, ಕಾಸಿಮಿರಾ. ನೇರಳೆ ಜೋಳದ ಆ ಬಿಸಿ ಗಂಜಿ ಎರಡು ಲೋಟ ಹೊಟ್ಟೆಗಿಳಿಯದೆ ಅವನು ಕ್ಯಾಮೆರಾ ಮುಟ್ಟುತ್ತಿರಲಿಲ್ಲ.

ಕ್ಯಾಮೆರಾ ಅಂದ್ರೆ ಮೂರು ಕಾಲಿನ ಮೇಲೆ ಕೂರಿಸಿದ ಮರದ ಪೆಟ್ಟಿಗೆ. ಹಿಂದುಗಡೆ ಬಟ್ಟೆಯ ತೋಳು. ಅದರೊಳಗೆ ಕೈ ತೂರಿಸಿ, ಕಾಣದೇನೇ ಕಾಗದ ತೊಳೆದು ಮೊದಲು ಒಂದು ಉಲ್ಟಾ ಪಟ ತೆಗೀತಿದ್ದ. ಅದರಲ್ಲಿ ಕಪ್ಪೆಲ್ಲ ಬಿಳಿ, ಬಿಳಿಯೆಲ್ಲ ಕಪ್ಪು. ಅದನ್ನ ಪೆಟ್ಟಿಗೆ ಎದುರಿಗಿಟ್ಟು ಇನ್ನೊಂದು ಸಲ ಹಿಡಿದ್ರೆ ಸರಿಯಾದ ಪಟ ಬರೋದು. ಮನುಷ್ಯರ ಪಟ ತೆಗೆಯೋರು ಚೌಕದಲ್ಲಿ ಇನ್ನೂ ಮೂವರಿದ್ರು. ಇವನದ್ದು ಪ್ರಾಣಿಗಳದ್ದು ಮಾತ್ರ. ಮಾರೋಕೆ ಮುಂಚೆ ಕಿವಿಗೆ ಕೆಂಪು ಉಣ್ಣೆ ಕಟ್ಟಿಸ್ಕೊಂಡ ಲಾಮಾ, ಕಾಳಗದ ಹುಂಜ, ಮುದುಕಿಯರ ಬೆಕ್ಕು. ಆಗಸ್ಟ್ ತಿಂಗಳಲ್ಲಿ ಸಂತ ರೋಕೆಯ ಹಬ್ಬ, ನಾಯಿಗಳ ಹಬ್ಬ ಬಂತೂಂದ್ರೆ, ಕುತ್ತಿಗೆಗೆ ರಿಬ್ಬನ್ ಕಟ್ಟಿದ ನಾಯಿಗಳ ಸಾಲು ಚರ್ಚಿನ ಮೆಟ್ಟಿಲಿಂದ ನನ್ನ ಒಲೆ ತನಕ.

"ಊರಿಗೊಂದು ದಾರಿಯಾದ್ರೆ ನಿಂಗೊಂದು ದಾರಿ. ಮದುಮಕ್ಕಳನ್ನ ಬಿಟ್ಟು ನಾಯಿ ಮೂತಿ ತೆಗೀತೀಯಲ್ಲೋ ಮಾರಾಯಾ!" ಅಂತ ನಾನು ರೇಗಿಸ್ತಿದ್ದೆ.

"ಮದುಮಗಳು ಪಟ ನೋಡಿ, ಮೂಗು ದಪ್ಪ ಬಂತು ಅಂತ ಜಗಳಕ್ಕೆ ಬರ್ತಾಳೆ. ನಾಯಿ ಬರಲ್ಲ," ಅನ್ನೋನು.

ಆದ್ರೆ ನಾಯಿ ಸುಮ್ಮನೆ ಕೂರಬೇಕಲ್ಲ? ಅಲುಗಿದ್ರೆ ಪಟ ಮಸುಕು. ಅದಕ್ಕೆ ಸಾಕಿದವರನ್ನ ಸ್ಟೂಲಿನ ಮೇಲೆ ಕೂರಿಸಿ, ತಲೆ ಮೇಲಿಂದ ಕರೀ ಬಟ್ಟೆ ಹೊದಿಸಿ, ಅವರ ತೊಡೆ ಮೇಲೆ ಪ್ರಾಣಿ ಕೂರಿಸ್ತಿದ್ದ. ಅವರು ಬಟ್ಟೆಯೊಳಗಿಂದಲೇ ಗಟ್ಟಿಯಾಗಿ ಹಿಡ್ಕೋಬೇಕು. ಪಟದಲ್ಲಿ ಕಾಣೋದು ಪ್ರಾಣಿ ಮಾತ್ರ. ಉಲ್ಟಾ ಪಟ ಬಂದ ಮೇಲೆ ಅದನ್ನ ಬಿಸಿಲಿಗೆ ಹಿಡಿದು, ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡೋನು. ಸಾಕಿದವರ ಒಂದು ಉಗುರು ಕಂಡರೂ ಹರಿದು ಹಾಕಿ, ಬಿಟ್ಟಿಯಾಗಿ ಇನ್ನೊಂದು ತೆಗೆದುಕೊಡೋನು. ಯಾಕೆ ಅಂತ ಇಲ್ಲಿ ಯಾರೂ ಕೇಳ್ತಿರಲಿಲ್ಲ. ಅವನು ತೆಗೆದ ನಾಯಿ ಪಟ ಒಂದಲ್ಲ ಒಂದು ದಿನ ಯಾರದ್ದಾದ್ರೂ ಶವಪೆಟ್ಟಿಗೆಯೊಳಗೆ ಹೋಗ್ತಿತ್ತು. ಬದುಕಿರೋರ ಬೆರಳು ಮಣ್ಣಿಗೆ ಹೋಗಬಾರದು.

ಸತ್ತವರು ದಾಟಬೇಕಾದ ಹೊಳೆಯನ್ನ ನಾಯಿಯಿಲ್ಲದೆ ದಾಟೋಕಾಗಲ್ಲ. ಅದಕ್ಕೇ ಮನೆಯಲ್ಲಿ ಯಾರಾದ್ರೂ ಸತ್ತರೆ ಅವರ ಕರೀ ನಾಯಿಯ ಕುತ್ತಿಗೆಗೆ ಎಡಕ್ಕೆ ಹೊಸೆದ ಉಣ್ಣೆ ಹಗ್ಗ ಬಿಗಿದು ಜೊತೆಗೆ ಕಳಿಸ್ತಿದ್ರು ನಮ್ಮ ಹಿರಿಯರು. ನಿಕಾನೋರ್‌ನ ಅಪ್ಪ ಸತ್ತಾಗಲೂ ಕಳಿಸಿದ್ರು. ಆಗಿವನಿಗೆ ಹತ್ತು ವರ್ಷ. ಆ ನಾಯಿ ಜೊತೆಗೇ ಮಲಗಿ ಬೆಳೆದವನು. "ಚಿಕ್ಕಪ್ಪ ಹಗ್ಗ ಹಾಕೋವಾಗ ಅದು ನನ್ನನ್ನೇ ನೋಡ್ತಿತ್ತು ಕಾಸಿಮಿರಾ. ಆಟ ಅಂದ್ಕೊಂಡಿತ್ತು," ಅಂತ ಒಂದೇ ಒಂದು ಸಲ ನನ್ನ ಹತ್ತಿರ ಹೇಳಿದ್ದ. ಪೆಟ್ಟಿಗೆ ಕ್ಯಾಮೆರಾ ಕೈಗೆ ಬಂದ ಮೇಲೆ ಅವನೇ ಮನೆಮನೆಗೆ ಹೋಗಿ ಹೇಳಿದ, ನಾಯಿ ಬೇಡ, ನಾಯಿ ಪಟ ಇಡಿ ಅಂತ. ಮೊದಲು ನಕ್ಕರು. ಆಮೇಲೆ ಒಬ್ಬೊಬ್ಬರೇ ಒಪ್ಪಿದ್ರು. ಒಪ್ಪದೇ ಏನು? ಯಾರಿಗೆ ತಾನೇ ಸಾಕಿದ ನಾಯಿ ಕುತ್ತಿಗೆ ಬಿಗಿಯೋಕೆ ಇಷ್ಟ? ಹಾವೂ ಸಾಯಲಿಲ್ಲ, ಕೋಲೂ ಮುರೀಲಿಲ್ಲ.

ಗಣಿಗಳು ಮುಚ್ಚಿದ ವರ್ಷ, ಸೆಪ್ಟೆಂಬರ್‌ನಲ್ಲಿ ದೋನ್ಯಾ ಬಸಿಲಿಯಾ ಹಾಸಿಗೆ ಹಿಡಿದಳು. ನಮ್ಮ ಬೀದಿಯ ವಿಧವೆ, ಮಕ್ಕಳಿಲ್ಲ. ಅವಳಿಗಿದ್ದದ್ದು ಕಪಿತಾನ್ ಅನ್ನೋ ನಾಯಿ. ಮೂಗಿಂದ ಬಾಲದ ತುದಿ ತನಕ ಒಂದು ಬಿಳಿ ಕೂದಲಿಲ್ಲದ ಕರೀ ನಾಯಿ. ಅಯ್ಯೋ, ಅವರಿಬ್ಬರನ್ನ ನೀವು ನೋಡಬೇಕಿತ್ತು! ಅವಳು ಕೆಮ್ಮಿದ್ರೆ ಅದು ಎದ್ದು ನಿಲ್ಲೋದು. ರೊಟ್ಟಿ ಮುರಿದ್ರೆ ಮೊದಲ ತುಂಡು ಅದಕ್ಕೇ.

ಬಸಿಲಿಯಾಳ ತಮ್ಮ ದೋನ್ ಮೆಲ್ಚೋರ್ ಕೋಕಾ ಎಲೆ ಚೆಲ್ಲಿ ಭವಿಷ್ಯ ನೋಡೋನು. ಬೀದಿಯವರೆಲ್ಲ ಅವನ ಮಾತಿಗೆ ಹೆದರೋರು. ಅವನಿಗೆ ಈ ಪಟಗಿಟ ಹಿಡಿಸ್ತಿರಲಿಲ್ಲ. ಅಕ್ಕನ ಮಂಚದ ಪಕ್ಕದಲ್ಲೇ ಕೂತು ಉಣ್ಣೆ ಹಗ್ಗ ಹೊಸೀತಿದ್ದ ಪಾಪಿ.

ಬಸಿಲಿಯಾ ನಿಕಾನೋರ್‌ನನ್ನ ಕರೆಸಿದಳು. ನಾನೂ ಹೋಗಿದ್ದೆ. "ನನ್ನ ಜೊತೆ ಪಟ ಬರಲಿ ಸಾಕು. ಕಪಿತಾನ್ ಬೇಡ. ಅವನಿಗಿನ್ನೂ ಐದು ವರ್ಷ. ಆಣೆ ಇಡು," ಅಂದಳು. ನಿಕಾನೋರ್ ಅವಳ ಕೈ ಮೇಲೆ ಕೈಯಿಟ್ಟು ಆಣೆ ಮಾಡಿದ. ಮೆಲ್ಚೋರ್ ತಲೆ ಎತ್ತದೇ, "ಪಟದಲ್ಲಿ ಐಬಿಲ್ಲದಿದ್ರೆ ಸರಿ," ಅಂದ.

ಮಾರನೇ ಬೆಳಗ್ಗೆ ನಿಕಾನೋರ್ ಕಪಿತಾನ್‌ನನ್ನ ಚೌಕಕ್ಕೆ ಕರ್ಕೊಂಡು ಬಂದ. ಹಿಡ್ಕೊಳ್ಳೋಕೆ ಬಸಿಲಿಯಾಗೆ ಏಳೋಕಾಗಲ್ಲ. "ನೀನೇ ಕೂತ್ಕೊಳ್ಳೇ," ಅಂದ ನನಗೆ. ಕರೀ ಬಟ್ಟೆ ಮೇಲೆ ಕರೀ ನಾಯಿ ಕಾಣಲ್ಲ ಅಂತ ಅವತ್ತು ನನ್ನದೇ ಪಟ್ಟೆಪಟ್ಟೆ ಹೊದಿಕೆಯನ್ನ ನನ್ನ ತಲೆ ಮೇಲೆ ಹಾಕಿದ. ನಾಯಿ ನಡುಗ್ತಿತ್ತು. ಒಳಗಿಂದಲೇ ಒಂದು ಚೂರು ಬುನ್ಯುವೆಲೊ ತಿನ್ನಿಸಿದೆ. ಕರಿದ ಹಿಟ್ಟಿನ ವಾಸನೆಗೆ ಸುಮ್ಮನಾಗಿ ಗಲ್ಲ ತಂದು ನನ್ನ ಎಡಗೈ ಮೇಲಿಟ್ಟಿತು.

ಗಾಳಿ ಎದ್ದದ್ದು ಆಗಲೇ. ನನ್ನ ಬೆರಳಿಗೆ ತಣ್ಣಗೆ ತಾಕಿತು. ಹೊದಿಕೆ ಸರಿದಿದೆ ಅಂತ ನನಗೆ ಗೊತ್ತಾಯ್ತು, ಸುಳ್ಳು ಯಾಕೆ ಹೇಳಲಿ? ಆದ್ರೆ ಒಲೆ ಮೇಲೆ ಆಪಿ ತಳ ಹಿಡೀತಿತ್ತು, ಗಿರಾಕಿಗಳು "ಅಕ್ಕಾ, ಎಲ್ಲಿ ಹೋದೆ?" ಅಂತ ಕೂಗ್ತಿದ್ರು. ಹೇಗಿದ್ರೂ ಅವನು ನೋಡ್ತಾನಲ್ಲ, ಬೆರಳು ಕಂಡ್ರೆ ಹರೀತಾನಲ್ಲ ಅಂದ್ಕೊಂಡು ಬಾಯಿ ಬಿಡಲಿಲ್ಲ. ಅವನು ಉಲ್ಟಾ ಪಟವನ್ನ ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ. "ಚೆನ್ನಾಗಿ ಬಂದಿದೆ," ಅಂದ. ಅವನ ಕಣ್ಣಿಗೆ ಪೊರೆ ಬರ್ತಿತ್ತು ಅಂತ ಅವನು ಯಾರಿಗೂ ಹೇಳಿರಲಿಲ್ಲ.

ಅವತ್ತೇ ಮಧ್ಯಾಹ್ನ ಬಸಿಲಿಯಾ ಸತ್ತಳು. ಇನ್ನೂ ಸರಿಯಾಗಿ ಒಣಗದ ಪಟವನ್ನ ಅವಳ ಎದೆ ಮೇಲಿಟ್ಟು, ಅವಳ ಎರಡೂ ಕೈ ಅದರ ಮೇಲೆ ಮಡಚಿ ಮಾರನೇ ದಿನ ಹೂತರು. ಕಪಿತಾನ್ ಸ್ಮಶಾನದ ತನಕ ಬಂದು, ನಿಕಾನೋರ್‌ನ ಹಿಂದೆ ಅವನ ಮನೆಗೆ ಹೋಯ್ತು.

ಮೂರನೇ ದಿನ ಅವನ ಪೆಟ್ಟಿಗೆಯ ಬದಿಯಲ್ಲಿ ಸಿಕ್ಕಿಸಿದ್ದ ಉಲ್ಟಾ ಪಟ ನನ್ನ ಕಣ್ಣಿಗೆ ಬಿತ್ತು. ನಾಯಿ ಹಾಲಿನಷ್ಟು ಬಿಳಿ. ಅದರ ಕುತ್ತಿಗೆ ಕೆಳಗೆ, ಹೊದಿಕೆಯ ಪಟ್ಟೆಗಳ ನಡುವೆ ಪಟ್ಟೆಯಲ್ಲದ ನಾಲ್ಕು ಕಪ್ಪು ಗೆರೆ. ನಾಲ್ಕು ಬೆರಳು. ನನ್ನವು. ಲೋಟ ಕೈಯಿಂದ ಜಾರಿ ಬಿತ್ತು. ಅವತ್ತಿಂದ ಎಡಗೈ ಜೋಮು ಹಿಡೀತು. ಚಿವುಟಿದ್ರೂ ಗೊತ್ತಾಗ್ತಿರಲಿಲ್ಲ.

ಆರನೇ ದಿನ ಆರೋಗ್ಯ ಕೇಂದ್ರಕ್ಕೆ ಹೋದೆ. ಅಲ್ಲಿನ ವೈದ್ಯೆ, ಇನ್ನೂ ಹುಡುಗಿ, ಭುಜ ಒತ್ತಿ ನೋಡಿ, "ದಿನಾ ಆ ದೊಡ್ಡ ಪಾತ್ರೆ ಹೊತ್ತು ನರ ಒತ್ತಿಕೊಂಡಿದೆ ತಾಯಿ. ಮೂರು ವಾರ ಭಾರ ಎತ್ತಬೇಡಿ, ಸರಿ ಹೋಗುತ್ತೆ," ಅಂದಳು. ನಿನ್ನೆ ಮೊನ್ನೆ ಕಣ್ಣು ಬಿಟ್ಟವಳು, ಇವಳಿಗೇನು ಗೊತ್ತು ಅಂದ್ಕೊಂಡು ನೆಟ್ಟಗೆ ಮೆಲ್ಚೋರ್ ಮನೆಗೆ ಹೋಗಿ ಪಟದಲ್ಲಿ ಬೆರಳು ಬಂದದ್ದನ್ನ ಹೇಳಿದೆ. ಅವನು ಎಲೆ ಚೆಲ್ಲಿದ. ಎಲ್ಲವೂ ಮಗುಚಿ ಬಿದ್ದವು, ಅಪಶಕುನ.

"ಅಕ್ಕ ಹೊಳೆ ದಡದಲ್ಲಿ ನಿಂತಿದ್ದಾಳೆ. ನಾಯಿ ಅಂತ ಹಿಡ್ಕೊಂಡಿರೋದು ನಿನ್ನ ಕೈ," ಅಂದ. "ಎಂಟನೇ ದಿನದ ಶಾಸ್ತ್ರಕ್ಕೆ ಅವಳ ಬಟ್ಟೆ ತೊಳೆಯೋದ್ರೊಳಗೆ ನಾಯಿ ಹೋಗಬೇಕು. ಇಲ್ಲ, ಕೈಯವಳು ಹೋಗ್ತಾಳೆ."

ನಿಕಾನೋರ್ ಹತ್ತಿರ ಹೋಗಿ ಬಾಯಿಗೆ ಬಂದ ಹಾಗೆ ಬೈದೆ. "ಕುರುಡಾ! ನಾಲ್ಕು ಬೆರಳು ಕಾಣಲಿಲ್ವಾ ನಿಂಗೆ? ನಾಯಿ ಕೊಟ್ಟುಬಿಡು!" ಗಾಳಿ ತಾಕಿದ್ದು ಗೊತ್ತಿದ್ದೂ ಸುಮ್ಮನಿದ್ದೆ ಅಂತ ಮಾತ್ರ ಹೇಳಲಿಲ್ಲ. ಅವನು ಉಲ್ಟಾ ಪಟವನ್ನ ಮೂಗಿಗೆ ತಾಗಿಸಿಕೊಂಡು ನೋಡಿದ.

"ತಪ್ಪು ನಂದು. ನಾಯಿದಲ್ಲ," ಅಂದ. "ನಾಳೆ ಸಂಜೆ ತನಕ ಟೈಮ್ ಕೊಡು ಕಾಸಿಮಿರಾ. ನಾನೇ ದಾರಿ ಮಾಡ್ತೀನಿ."

ಮಾರನೇ ದಿನ, ಅಂದ್ರೆ ಏಳನೇ ದಿನ, ಬೆಳಗ್ಗೆ ಅವನು ಅಂಗಡಿಗೆ ಬಂದು ಮನೆ ಬೀಗದ ಕೈ ನನ್ನ ಮುಂದಿಟ್ಟ. "ಸ್ಮಶಾನಕ್ಕೆ ಹೋಗಿ ಬರ್ತೀನಿ. ಕಪಿತಾನ್ ಅಂಗಳದಲ್ಲಿದ್ದಾನೆ, ಹೊತ್ತಿಗೆ ಏನಾದ್ರೂ ಹಾಕು," ಅಂದ. ಯಾಕೆ ಹೋಗ್ತಿದ್ದೀಯ ಅಂತ ನಾನು ಕೇಳಲಿಲ್ಲ. ನನ್ನ ತಲೆಯಲ್ಲಿ ನನ್ನ ಕೈಯೊಂದೇ ಇತ್ತು. ರಾತ್ರಿಯೆಲ್ಲ ಅದು ಮಣ್ಣಿನಷ್ಟು ತಣ್ಣಗಿತ್ತು. ಬೀಗದ ಕೈ ತಗೊಂಡು ಮೆಲ್ಚೋರ್‌ನನ್ನ ಕರೆದೆ.

ಮೆಲ್ಚೋರ್‌ನನ್ನ ಕಂಡ ಕೂಡಲೇ ಕಪಿತಾನ್ ಗೋಡೆಗೆ ಒತ್ತಿಕೊಂಡು ಹಲ್ಲು ತೋರಿಸ್ತು. ಅವನು ಹತ್ತಿರ ಹೋಗೋಕಾಗಲಿಲ್ಲ. "ನೀನೇ ಕರಿ," ಅಂದ. ಕರೆದೆ. ರೊಟ್ಟಿ ಕೂಡ ಬೇಕಾಗಲಿಲ್ಲ ಕಣ್ರೀ. ಎಡಗೈ ಚಾಚಿದೆ, ಅಷ್ಟೇ. ಹಲ್ಲು ಮುಚ್ಚಿಕೊಂಡು, ಬಾಲ ಅಲ್ಲಾಡಿಸ್ಕೊಂಡು ಬಂದು, ಹೊದಿಕೆ ಮೇಲೆ ಕೂತಾಗ ಇಟ್ಟ ಹಾಗೇ ಗಲ್ಲ ನನ್ನ ಕೈ ಮೇಲಿಟ್ಟಿತು. ಹಗ್ಗ ಹಾಕಿದ್ದು ನಾನು. ಎಳೆದದ್ದು ಮೆಲ್ಚೋರ್.

ಮೂರು ಗಂಟೆ ಹೊತ್ತಿಗೆ ನಿಕಾನೋರ್ ನಗ್ತಾ ಬಂದ. ಅವನ ಉಗುರೊಳಗೆಲ್ಲ ಮಣ್ಣು. "ಇನ್ನು ಹೆದರಬೇಡ ಮಾರಾಯ್ತಿ," ಅಂದ. "ನಿನ್ನೆ ಪಕ್ಕದ ಕ್ಯಾಮೆರಾದವನ ಹತ್ತಿರ ಕಪಿತಾನ್ ಜೊತೆ ನನ್ನ ಪಟ ತೆಗೆಸಿದೆ. ಬೆರಳಲ್ಲ, ಇಡೀ ನಾನೇ. ಬಸಿಲಿಯಾ ತಲೆ ಹತ್ತಿರ ಹೂತು, ಕಾಸಿಮಿರಾ ಕೈ ಬಿಡಮ್ಮಾ, ನನ್ನನ್ನ ಹಿಡ್ಕೋ ಅಂತ ಹೇಳಿ ಬಂದಿದ್ದೀನಿ. ಎಲ್ಲಿ ಅವನು, ಊಟ ಹಾಕಿದ್ಯಾ?"

ಅವನು ನನ್ನ ಮುಖ ನೋಡಿದ. ಆಮೇಲೆ ಬೀಗದ ಕೈ ನೋಡಿದ. ನನ್ನ ಒಲೆ ಪಕ್ಕದ ಬೆಂಚಿನ ಮೇಲೆ ಮೆಲ್ಲಗೆ ಕೂತ. "ಒಂದೆರಡು ಗಂಟೆ ತಡೀಬಾರದಿತ್ತಾ?" ಅಂದ, ಅಷ್ಟೇ.

ಆಮೇಲೆ ಅವನು ಪೆಟ್ಟಿಗೆ ಬಿಚ್ಚಲೇ ಇಲ್ಲ. ದಿನಾ ಬೆಳಗ್ಗೆ ಬಂದು ಕೂತು ಆಪಿ ಕುಡಿದು ಹೋಗೋನು. ಬೈಯಲಿಲ್ಲ, ಮಾತು ಬಿಡಲಿಲ್ಲ. "ಸಕ್ಕರೆ ಸಾಕು" ಅಂತ ಮೊದಲಿನ ಹಾಗೇ ಹೇಳೋನು. ನಾನೇ ಒಂದು ದಿನ ತಡೀಲಾರದೆ, ಗಾಳಿ ತಾಕಿದ್ದು ಅವತ್ತೇ ಗೊತ್ತಾಗಿತ್ತು ಅಂತ ಬಾಯಿಬಿಟ್ಟು ಅತ್ತೆ. ಕೆನ್ನೆಗೆ ಹೊಡೆದಿದ್ರೂ ನನಗೆ ಸಮಾಧಾನವಾಗ್ತಿತ್ತು. ಅವನು ಲೋಟ ತಿರುಗಿಸ್ತಾ ಕೂತಿದ್ದ. ಸರಿಯಾಗಿ ಮೂರು ವಾರಕ್ಕೆ ನನ್ನ ಕೈಗೆ ಜೀವ ಬಂತು, ಆ ವೈದ್ಯೆ ಹುಡುಗಿ ಹೇಳಿದ್ದಕ್ಕಿಂತ ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಮ್ಮಿಯಿಲ್ಲ. ಅಷ್ಟರಲ್ಲಿ ಅವನಿಗೆ ಕೆಮ್ಮು ಶುರುವಾಗಿತ್ತು. ಸತ್ತವರ ಹಬ್ಬಕ್ಕೆ ಹತ್ತು ದಿನ ಇರೋವಾಗ ಹೋಗಿಬಿಟ್ಟ.

ಹೂಳೋವಾಗ ಮೆಲ್ಚೋರ್ ಎಲ್ಲರ ಮುಂದೆ, "ಪುಣ್ಯವಂತ, ಅವನ ನಾಯಿ ಮುಂಚೇನೇ ಹೋಗಿ ಕಾಯ್ತಾ ಇದೆ," ಅಂದ. ನಾನು ಅವನ ಮುಖಕ್ಕೆ ಉಗಿದೆ. ಉಗಿದು ಏನು ಬಂತು? ಹಗ್ಗ ಹಾಕಿದವಳು ನಾನೇ ಅಲ್ವಾ?

ಈಗ ನನಗೂ ಎಪ್ಪತ್ತಾಯ್ತು, ರಾತ್ರಿ ಎದೆ ಹಿಡ್ಕೊಳ್ಳುತ್ತೆ. ಹಿಂಸೆ ಕೊಟ್ಟವರನ್ನ ನಾಯಿ ಹೊಳೆ ದಾಟಿಸಲ್ಲ, ದಡದಲ್ಲೇ ಬಿಡುತ್ತೆ ಅಂತಾರೆ. ಬಿಟ್ಟರೆ ಬಿಡಲಿ, ನ್ಯಾಯವೇ. ನನಗಿರೋ ಭಯ ಅದಲ್ಲ. ಕಪಿತಾನ್ ನನ್ನನ್ನ ಗುರುತು ಹಿಡಿದು, ಅವತ್ತಿನ ಹಾಗೇ ಬಾಲ ಅಲ್ಲಾಡಿಸ್ಕೊಂಡು ಬಂದುಬಿಟ್ಟರೆ ಏನು ಮಾಡಲಿ ಅಂತ.