ಹಳದಿ ಚೀಟಿಯ ಕುಂಡಕ್ಕೆ ಒಂದು ಚೊಂಬು ಅಕ್ಕಚ್ಚು

ಹೋದ ತಿಂಗಳು ನಾನೊಂದು ವೈಜ್ಞಾನಿಕ ಸಂಶೋಧನೆಯನ್ನು ಕೊಂದುಹಾಕಿದೆ. ಆಯುಧ: ದಿನಕ್ಕೊಂದು ಚೊಂಬು ಅಕ್ಕಚ್ಚು.

ಗಾಬರಿಯಾಗಬೇಡಿ, ಪೂರ್ತಿ ಹೇಳುತ್ತೇನೆ. ಚಾಮರಾಜಪೇಟೆಯ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವವರ ಮಗಳು ಮೈತ್ರಿ. ಎಂ.ಎಸ್ಸಿ. ಫಿಸಿಕ್ಸ್, ಕೊನೆಯ ವರ್ಷ. ಪ್ರಾಜೆಕ್ಟಿಗೆ ಹನ್ನೆರಡು ಕುಂಡ ಇಡಬೇಕು, ತಾರಸಿ ಕೊಡ್ತೀರಾ ಎಂದು ಕೇಳಿಕೊಂಡು ಬಂದಳು. ಸಂಡಿಗೆ ಇಡುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು, ತಾರಸಿ ಖಾಲಿ ಬಿದ್ದಿತ್ತು. ಇಟ್ಟುಕೋ ತಾಯಿ ಎಂದೆ.

ಹುರುಳಿಕಾಯಿ ಗಿಡಗಳು. ಫಿಸಿಕ್ಸಿಗೂ ಹುರುಳಿಕಾಯಿಗೂ ಏನು ಸಂಬಂಧ?

"ಆಂಟಿ, ಗೊಬ್ಬರ ಮಣ್ಣಿಗೆ ಹಾಕಿದ್ರೆ ಎಷ್ಟೋ ನೀರಲ್ಲಿ ಕೊಚ್ಕೊಂಡು ಹೋಗ್ಬಿಡತ್ತೆ. ನಾವು ಝಿಂಕನ್ನ ನ್ಯಾನೋ ಕಣ ಮಾಡಿ ಎಲೆ ಮೇಲೇ ಸ್ಪ್ರೇ ಮಾಡ್ತೀವಿ. ಕಣ್ಣಿಗೂ ಕಾಣಲ್ಲ, ಅಷ್ಟು ಚಿಕ್ಕದು. ಎಲೆ ಅದನ್ನ ಒಳಗೆ ಎಳ್ಕೊಳತ್ತಾ, ಗಿಡ ಚೆನ್ನಾಗಾಗತ್ತಾ ಅಂತ ನೋಡ್ತಿದೀನಿ."

ನೀಲಿ ಚೀಟಿಯ ಆರು ಕುಂಡಗಳಿಗೆ ಸ್ಪ್ರೇ. ಹಳದಿ ಚೀಟಿಯ ಆರಕ್ಕೆ ಬರೀ ನೀರು. ಮಣ್ಣಿನ ಬದಲು ತೊಳೆದ ಮರಳು, ಅದರಲ್ಲಿ ಝಿಂಕಿನ ಸುಳಿವೂ ಇರಬಾರದು. "ದಯವಿಟ್ಟು ಕುಂಡ ಮುಟ್ಬೇಡಿ ಆಂಟಿ" ಎಂದು ಎರಡು ಸಲ ಹೇಳಿದಳು. ನಾನು ಮುಟ್ಟಲಿಲ್ಲ. (ಚೊಂಬು ಮುಟ್ಟಿತು.)

ಅವಳ ಲ್ಯಾಬಿನಲ್ಲೇ ಇನ್ನೂ ಇಬ್ಬರು. ಒಬ್ಬಳು ಗ್ಯಾಲಕ್ಸಿಗಳಿಗೆ ಆ ಸುರುಳಿ ಆಕಾರ ಹೇಗೆ ಬಂತು ಎಂದು ಫೋಟೋ ನೋಡುತ್ತಾ ಕೂತಿದ್ದಾಳೆ. ಇನ್ನೊಬ್ಬನದು ಕೇಯಾಸ್, ಅಂದರೆ ಅಸ್ತವ್ಯಸ್ತತೆಯ ಅಧ್ಯಯನ. "ಅದಕ್ಕೆ ಲ್ಯಾಬ್ ಯಾಕೆ? ಕಲಾಸಿಪಾಳ್ಯಕ್ಕೆ ಹೋದ್ರೆ ಆಯ್ತಲ್ಲ" ಎಂದೆ. ನಕ್ಕಳು. "ಹಂಗಲ್ಲ ಆಂಟಿ. ಶುರುನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಆದ್ರೂ ಸಾಕು, ಕೊನೇಲಿ ಎಲ್ಲಾ ಬೇರೇನೇ ಆಗ್ಬಿಡತ್ತೆ." ಆ ಮಾತನ್ನು ನಾನು ಕಿವಿ ಕೊಟ್ಟು ಕೇಳಬೇಕಿತ್ತು.

ಎರಡು ವಾರ ಕಳೆಯುವಷ್ಟರಲ್ಲಿ ಹಳದಿ ಚೀಟಿಯವು ಸೊರಗಿದವು. ಎಲೆ ಬಿಳಿಚಿಕೊಂಡಿತು. ಪಕ್ಕದಲ್ಲೇ ನೀಲಿಯವು ಹಸಿರಾಗಿ ನಗುತ್ತಿವೆ. ಬಟ್ಟೆ ಒಣಹಾಕಲು ಹೋದಾಗಲೆಲ್ಲ ನನಗೆ ಸಂಕಟ. ಒಂದೇ ಪಂಕ್ತಿಯಲ್ಲಿ ಕೂರಿಸಿ ಅರ್ಧ ಜನಕ್ಕೆ ಬಡಿಸಿ, ಉಳಿದವರ ಎಲೆಯನ್ನು ಖಾಲಿ ಬಿಡುವುದುಂಟೆ?

ನಮ್ಮ ಬೀದಿಯಲ್ಲಿ ಹಸು ಕಟ್ಟುವವರಿದ್ದ ಕಾಲದಲ್ಲಿ ಅಕ್ಕಿ ತೊಳೆದ ಅಕ್ಕಚ್ಚನ್ನು ಬಂದು ಒಯ್ಯುತ್ತಿದ್ದರು. ಈಗ ಹಸು ಇಲ್ಲ, ಆದರೆ ಅಕ್ಕಚ್ಚನ್ನು ಸಿಂಕಿಗೆ ಚೆಲ್ಲಲು ನನಗೆ ಇವತ್ತಿಗೂ ಕೈ ಬರುವುದಿಲ್ಲ. ಮೈತ್ರಿ ಕಾಲೇಜಿಗೆ ಹೋದಮೇಲೆ, ಬೇಳೆ ತೊಳೆದ ನೀರನ್ನೂ ಸೇರಿಸಿ ಹಳದಿಯವಕ್ಕೆ ಹಾಕಿದೆ. ಮಾರನೆಯ ದಿನವೂ, ಆಮೇಲೆ ಪ್ರತಿದಿನವೂ ಹಾಕಿದೆ. ಗಿಡಗಳು ಚೇತರಿಸಿಕೊಂಡವು. ಪುಣ್ಯದ ಕೆಲಸ ಮಾಡಿದೆನೆಂದು ಒಳಗೊಳಗೇ ಬೀಗಿದೆ.

ಆಮೇಲೆ ಮೈತ್ರಿಯ ಮುಖ ನೋಡಿದೆ. ಸ್ಕೇಲು ಹಿಡಿದು ಅಳೆಯುತ್ತಾಳೆ, ಬರೆಯುತ್ತಾಳೆ, ಮತ್ತೆ ಅಳೆಯುತ್ತಾಳೆ. ನೀಲಿಗೂ ಹಳದಿಗೂ ವ್ಯತ್ಯಾಸವೇ ಉಳಿದಿರಲಿಲ್ಲ. ಚೀಟಿ ಅದಲುಬದಲಾಯಿತೇ, ಸ್ಪ್ರೇ ಬಾಟಲಿ ತಪ್ಪಿತೇ ಎಂದು ತನ್ನನ್ನೇ ಅನುಮಾನಿಸತೊಡಗಿದಳು. "ಸರಿಯಾಗಿ ಊಟಾನೇ ಮಾಡ್ತಿಲ್ಲ ಕಣ್ರೀ ಇವ್ಳು" ಎಂದು ಅವಳಮ್ಮ ಮೆಟ್ಟಿಲ ಮೇಲೆ ನಿಂತು ಪೇಚಾಡಿಕೊಂಡರು.

ನಾನು ಮೂರು ದಿನ ಬಾಯಿ ಬಿಡಲಿಲ್ಲ. ನಾಚಿಕೆ. ಅಕ್ಕಿ ತೊಳೆದ ನೀರಿನಿಂದ ಏನಾದೀತು ಎಂಬ ಭಂಡ ಧೈರ್ಯ ಬೇರೆ.

ನಾಲ್ಕನೆಯ ದಿನ ಅವಳೇ ಬಂದಳು. "ಆಂಟಿ, ಸೋಮವಾರ ರಿಪೋರ್ಟ್ ಕೊಡ್ತೀನಿ. ಸ್ಪ್ರೇ ಕೆಲಸ ಮಾಡ್ಲಿಲ್ಲ ಅಂತಾನೇ ಬರೀತೀನಿ. ಬಂದಿದ್ದನ್ನ ಬರೀಬೇಕಲ್ವಾ?"

ಅಷ್ಟು ಪ್ರಾಮಾಣಿಕವಾಗಿ ಅವಳೊಂದು ಸುಳ್ಳು ಬರೆಯಲು ಹೊರಟಿದ್ದಳು. ಆ ಸುಳ್ಳು ನನ್ನದು. ಹೇಳಿಬಿಟ್ಟೆ.

ಬೈಯುತ್ತಾಳೆ ಅಂದುಕೊಂಡೆ. ಅವಳು ನೋಟ್‌ಬುಕ್ ತೆರೆದಳು. ಕಣ್ಣು ಒರೆಸಿಕೊಂಡು ಪೆನ್ನು ತೆಗೆದಳು. "ಎಷ್ಟು ದಿನ ಹಾಕಿದ್ರಿ? ಒಂದು ಕುಂಡಕ್ಕೆ ಎಷ್ಟು? ಬೇಳೆ ನೀರು ದಿನಾನೂ ಇತ್ತಾ?" ಎಲ್ಲವನ್ನೂ ಬರೆದುಕೊಂಡಳು. ಪೊಲೀಸ್ ಠಾಣೆಯಲ್ಲೂ ಇಷ್ಟು ನೀಟಾಗಿ ಹೇಳಿಕೆ ತೆಗೆದುಕೊಳ್ಳಲಾರರು. ಆಮೇಲೆ ಮೆಲ್ಲಗೆ, "ಅಕ್ಕಿ, ಬೇಳೆ ತೊಳೆದ ನೀರಲ್ಲೂ ಝಿಂಕ್ ಇರತ್ತೆ. ಎಲ್ಲಾ ಕಿತ್ತು ಹೊಸದಾಗಿ ಬೀಜ ಹಾಕ್ಬೇಕು ಆಂಟಿ" ಎಂದಳು. ಜೊತೆಯವರಿಬ್ಬರೂ ಸೋಮವಾರ ರಿಪೋರ್ಟ್ ಕೊಟ್ಟರು. ಇವಳು ಗೈಡ್ ಮುಂದೆ ನಿಂತು ಎರಡು ತಿಂಗಳು ಟೈಮ್ ಕೇಳಿದಳು. (ಗ್ಯಾಲಕ್ಸಿಯ ಹುಡುಗಿ ಪುಣ್ಯವಂತೆ. ಅಲ್ಲಿಗೆ ಯಾವ ಆಂಟಿಯೂ ಚೊಂಬು ಹಿಡಿದು ಹೋಗಲಾರಳು.)

ಅವತ್ತಿನಿಂದ ಒಂದು ಯೋಚನೆ ನನ್ನನ್ನು ಬಿಟ್ಟಿಲ್ಲ. ನನಗೆ ಮಂಡಿನೋವು ಬಂದಾಗ ಮಾತ್ರೆ ನುಂಗಿದೆ, ಎಣ್ಣೆ ಹಚ್ಚಿದೆ, ಫಿಸಿಯೋಥೆರಪಿಗೆ ಹೋದೆ, ದೊಡ್ಡ ಗಣಪತಿಗೆ ಹರಕೆಯನ್ನೂ ಹೊತ್ತೆ. ಎಲ್ಲವೂ ಒಂದೇ ವಾರ. ನೋವು ಹೋಯಿತು. ಯಾವುದರಿಂದ? ಗೊತ್ತಿಲ್ಲ. ಆದರೆ ಎಣ್ಣೆ ಕೊಟ್ಟ ಅತ್ತಿಗೆ ಇವತ್ತಿಗೂ ಆ ಮಂಡಿ ತನ್ನದೇ ಎಂಬಂತೆ ಮಾತಾಡುತ್ತಾಳೆ. ಮಗನಿಗೆ ಟಾನಿಕ್ಕು, ನೆನೆಸಿದ ಬಾದಾಮಿ, ಮೂರು ಟ್ಯೂಷನ್, ಜೊತೆಗೆ ದಿನವಿಡೀ ನನ್ನ ಬುದ್ಧಿಮಾತು. ಅವನು ಪಾಸಾದಾಗ ಕ್ರೆಡಿಟ್ ನಾನೇ ತೆಗೆದುಕೊಂಡೆ. ಏನನ್ನೂ ಹಾಕದ ಹಳದಿ ಕುಂಡ ನಮ್ಮ ಮನೆಯಲ್ಲಿ ಯಾವತ್ತು ಇತ್ತು?

ನನ್ನ ಕನಿಕರ ನಿಜವಾದದ್ದು, ಅದನ್ನು ನಾನು ಬಿಟ್ಟುಕೊಡುವುದಿಲ್ಲ. ಆದರೆ ಅದು ಗಿಡದ ಹಸಿವನ್ನು ಕಂಡಿತು, ಎದುರಿಗೇ ಇದ್ದ ಹುಡುಗಿಯ ಎರಡು ತಿಂಗಳನ್ನು ಕಾಣಲಿಲ್ಲ. ಅದಕ್ಕೇ ನನಗೆ ಇನ್ನೂ ಬೇಜಾರು.

ಹೊಸ ಬೀಜ ಮೊಳೆತು ಗಿಡವಾಗಿವೆ. ತಾರಸಿಗೆ ಬೀಗ ಹಾಕಿಕೋ ಎಂದು ನಾನೇ ಕೀ ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ. "ಬೆಳಿಗ್ಗೆ ನೀರು ನೀವೇ ಹಾಕಿ ಆಂಟಿ. ಅಳತೆ ಲೋಟ ಇಟ್ಟಿದೀನಿ. ಹಾಕಿದ್ದನ್ನ ಬರೆದಿಡಿ, ಸಾಕು" ಎಂದು ಒಂದು ಹೊಸ ನೋಟ್‌ಬುಕ್ ಕೊಟ್ಟಳು. ದಿನಾಂಕ, ಕುಂಡದ ನಂಬರ್, ನೀರು. ಕೊನೆಗೆ ಷರಾ ಅಂತ ಒಂದು ಕಾಲಂ.

ನಿನ್ನೆ ಆ ಕಾಲಂನಲ್ಲಿ ಬರೆದೆ: "ಹಳದಿಯವು ಸೊರಗಿವೆ. ಕರುಳು ಚುರ್ ಅಂದಿತು. ಏನೂ ಹಾಕಲಿಲ್ಲ."