ಎಲೆಚೀಲದ ಪುಡಿ

ನನ್ನ ಮೊಮ್ಮಗಳ ಕರುಳಿನ ಹುಣ್ಣು ಮಾಯ್ದಿದೆ, ಗುಳಿಗೆ ಬಿಡದಿದ್ದರೆ ಹೆದರಿಕೆ ಇಲ್ಲ ಎಂದು ಭಾಲ್ಕಿಯ ಡಾಕ್ಟರು ಇವತ್ತು ಹೇಳಿದರು! ದವಾಖಾನೆಯಲ್ಲೇ ಅತ್ತುಬಿಟ್ಟೆ, ನಕ್ಕುಬಿಟ್ಟೆ. ಈ ಸುದ್ದಿಯನ್ನು ಮೊದಲು ಕೇಳಬೇಕಾದ ಕಂಪೌಂಡರು ಮಾತ್ರ ಅಲ್ಲಿರಲಿಲ್ಲ. ಹೋದ ತಿಂಗಳೇ ಬೀದರಿಗೆ ವರ್ಗವಾಗಿದ್ದರು.

ತೆಳ್ಳಗಿನ ಮನುಷ್ಯ. ನಿಜಾಮನ ರಾಜ್ಯಕ್ಕೆ ಮಿಲಿಟರಿ ನುಗ್ಗಿದ ಪೊಲೀಸ್ ಆ್ಯಕ್ಷನ್ ಮುಗಿದು ವರ್ಷಗಳಾದರೂ ಜೀಪಿನ ಸಪ್ಪಳ ಕೇಳಿದರೆ ಅವರ ಕೈ ಗಕ್ಕನೆ ನಿಲ್ಲುತ್ತಿತ್ತು. ಹೈದರಾಬಾದಿನಿಂದ ತರಿಸಿದ ಹಳದಿ ಗುಳಿಗೆ ಕೊಡುವಾಗ ಪ್ರತಿ ಸಲ, "ಉಂಡ ಮ್ಯಾಲ ಕೊಡ್ರಿ, ನೀರು ಭಾಳ ಕುಡಿಸ್ರಿ, ಮತ್ತೇನರ ಕೊಡೂದಿದ್ರ ಕೇಳಿ ಕೊಡ್ರಿ" ಎನ್ನುತ್ತಿದ್ದರು.

ನಾನು ಕೇಳಲಿಲ್ಲ. ಮಲದಲ್ಲಿ ರಕ್ತ ಹೋಗುವುದು ನಿಂತಿತ್ತು, ಆದರೆ ಹುಡುಗಿಗೆ ಮೊಣಕಾಲು ನೋವು ಶುರುವಾಯಿತು. ನಮ್ಮ ಕಡೆ ಮುದುಕಿಯರ ಎಲೆಚೀಲದಲ್ಲಿ ಅಡಿಕೆ ಸುಣ್ಣದ ಜೊತೆ ಪೇಟೆಯ ನೋವಿನ ಪುಡಿ ಇದ್ದೇ ಇರುತ್ತದೆ. ಅದನ್ನು ನಾಲ್ಕು ದಿನ ಎಲೆಯಲ್ಲಿ ಮಡಚಿ ತಿನ್ನಿಸಿದೆ. ಐದನೆಯ ದಿನ ಮತ್ತೆ ರಕ್ತ. ಮಗು ಬಿಳಿಚಿಕೊಂಡಿತು. ನಮ್ಮೂರು ಕಮಲನಗರದಿಂದ ಭಾಲ್ಕಿಯ ದವಾಖಾನೆಗೆ ರೈಲಿನಲ್ಲಿ ಬರುವಾಗ ಅವಳ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಲೇ ಇದ್ದೆ.

"ಗುಳಿಗಿ ಬಿಟ್ಟು ಮತ್ತೇನ್ ಕೊಟ್ಟೀರಿ, ಆಯಿ?" ಎಂದು ಕಂಪೌಂಡರು ಕೇಳಿದರು.

ಎಲೆಚೀಲ ಬಿಚ್ಚಿ ತೋರಿಸಿದೆ.

"ನಿಮ್ಮ ಮೊಣಕಾಲಿಗಿ ಛಲೋ ಇರಬೌದ್ರಿ. ಆಕಿ ಕರುಳಿಗಿ ಕೊಳ್ಳಿ ಇಟ್ಟಂಗ."

ಬೈಯಲಿಲ್ಲ. ಪುಡಿಯ ಪೊಟ್ಟಣವನ್ನು ತಮ್ಮ ಕಿಸೆಗೆ ಹಾಕಿಕೊಂಡರು. ಓಡಿಹೋಗಿ ಡಾಕ್ಟರನ್ನು ಕರೆತಂದರು. ಮುಂದೆ ಎಷ್ಟೋ ದಿನ, ಬೆಳಗಾದರೆ ಏನು ಕಾಣಬೇಕೋ ಎಂದು ರಾತ್ರಿಯಿಡೀ ಅವಳ ಪಕ್ಕದಲ್ಲಿ ಕೂತಿರುತ್ತಿದ್ದೆ.

ಇವತ್ತು ಸಂಜೆ ಮನೆಮಂದಿಯೆಲ್ಲ ಒಂದೇ ಸಾಲಿಗೆ ಉಣ್ಣಲು ಕೂತೆವು.

"ಆಯಿ, ನನ್ನ ಬಾಯಿ ಯಾಕ ನೋಡ್ತಿ? ನೀನೂ ಉಣ್ಣು!" ಎಂದಳು ಮೊಮ್ಮಗಳು.

ಎಲ್ಲರೂ ನಕ್ಕರು. ನಾನೂ ತುತ್ತು ಎತ್ತಿದೆ.