ಎತ್ತಿ ದಾಟಿಸುವುದು ಬೇಡ

ದೊಡ್ಡಮ್ಮನ ನೆತ್ತಿಯಲ್ಲಿ ಅಂಗೈಯಗಲ ಕೂದಲೇ ಇರಲಿಲ್ಲ. ಗೊಬ್ಬರದ ಹೆಡಿಗೆ, ಭತ್ತದ ಹೊರೆ ಹೊತ್ತು ಹೊತ್ತು ಸವೆದ ಜಾಗ ಅದು. ಸೆರಗು ಹೊದ್ದುಕೋ ಎಂದು ಯಾರಾದರೂ ಹೇಳಿದರೆ, "ಕದ್ದು ಸಿಕ್ಕಾಕ್ಕಂಡು ಬೋಳಿಸ್ಕಂಡಿದ್ದಲ್ಲ, ಹೊರೆ ಹೊತ್ತು ಆಗಿದ್ದು. ಯಾಕ್ ಮುಚ್ಲಿ?" ಎನ್ನುತ್ತಿದ್ದಳು.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ನಮ್ಮ ಊರು ಶನಿವಾರಸಂತೆಯ ಪಕ್ಕ. ಎಳವೆಯಲ್ಲಿ ಜ್ವರ ಬಂದು ನನ್ನ ಎಡಗಾಲು ಬತ್ತಿಹೋಗಿತ್ತು, ಕೋಲೂರಿ ನಡೆಯುತ್ತಿದ್ದೆ. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅಮ್ಮನ ಅಕ್ಕ, ಈ ದೊಡ್ಡಮ್ಮ. ಶಾಲೆ ಇದ್ದದ್ದು ಗದ್ದೆಬಯಲಿನ ಆಚೆ. ಬಯಲಿನ ಸುತ್ತ ಬೇಲಿ, ಅದರಲ್ಲಿ ಮನೆಗೊಂದು ಪಾಲು. ಶಾಲೆಯ ಕಡೆ ಗಾಡಿ ಹೋಗುವ ಗೇಟು ಇತ್ತು, ನಮ್ಮ ಕಡೆ ಇದ್ದದ್ದು ತಡಬೆ. ಎದೆಮಟ್ಟ ಅಡ್ಡಮರ ಕಟ್ಟಿದ್ದರು, ಹತ್ತಿ ಇಳಿಯಬೇಕು. ದನಗಳನ್ನು ತಡೆಯಲು ಕಟ್ಟಿದ್ದು ನನ್ನನ್ನೂ ಚೆನ್ನಾಗಿಯೇ ತಡೆಯುತ್ತಿತ್ತು.

"ಯಾರಾರ ಎತ್ತಿ ದಾಟಿಸ್ತಾರೆ ಬುಡು" ಎನ್ನುತ್ತಿದ್ದರು ಊರವರು. ಎತ್ತುವವರು ಸಿಗದ ದಿನ ನಾನು ಬೇಲಿಯ ಪಕ್ಕ ಕೂತು, ಶಾಲೆಯ ಗಂಟೆ ಕೇಳಿಸಿಕೊಂಡು ಮನೆಗೆ ವಾಪಸಾಗುತ್ತಿದ್ದೆ. ಹೀಗೇ ತಪ್ಪಿಸಿದರೆ ಹೆಸರು ತೆಗೆಯಬೇಕಾಗುತ್ತದೆ ಎಂದು ಮೇಷ್ಟ್ರು ಹೇಳಿಕಳಿಸಿದರು.

ದೊಡ್ಡಮ್ಮ ಅವತ್ತೇ ಕತ್ತಿ ಹಿಡಿದು ಹೋಗಿ ತನ್ನ ಪಾಲಿನ ತಡಬೆಯನ್ನು ಕಡಿದು ಹಾಕಿದಳು. ಆ ಜಾಗದಲ್ಲಿ ಸೊಂಟದೆತ್ತರದ ಎರಡು ಕಲ್ಲು ನೆಟ್ಟು, ನಡುವೆ ಒಬ್ಬರು ಹೋಗುವಷ್ಟು ಸಂದು ಬಿಟ್ಟಳು. ಮನುಷ್ಯರು ಹೋಗುವ ಸಂದಿನಲ್ಲಿ ಕರುವೂ ಹೋಗುತ್ತದೆಂದು ಅವಳಿಗೆ ಹೊಳೆಯಲೇ ಇಲ್ಲ. ವಾರದೊಳಗೆ ನಮ್ಮದೇ ಕೊಟ್ಟಿಗೆಯ ಕರು ನುಗ್ಗಿ ಪಟೇಲರ ಗದ್ದೆಯ ನಾಟಿ ಮೇಯ್ದು ಬಂತು.

ಯಾರ ಪಾಲಿನ ಬೇಲಿಯಿಂದ ದನ ನುಗ್ಗಿತೋ ಅವರೇ ಹಾಳಾದ ಗದ್ದೆಗೆ ಮತ್ತೆ ನಾಟಿ ಮಾಡಿಕೊಡಬೇಕು; ನಮ್ಮಲ್ಲಿ ಅದು ಪದ್ಧತಿ. ದೊಡ್ಡಮ್ಮ ಎರಡು ಮಾತಾಡದೆ ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದಳು. ನಾಟಿ ಮುಗಿದ ಮೇಲೆ ಪಟೇಲರು ನಾಲ್ಕು ಜನರನ್ನು ಕೂಡಿಕೊಂಡು ಬಂದರು.

"ಒಂದ್ ಮಗೀಗೋಸ್ಕರ ಊರ್ ದಾರಿ ಕೆಡಸದಾ? ಮೊದ್ಲಿನಂಗೆ ತಡಬೆ ಕಟ್ಸಮ್ಮ."

ದೊಡ್ಡಮ್ಮ ಕೊಟ್ಟಿಗೆಯಿಂದ ಗೊಬ್ಬರ ತುಂಬಿದ ಹೆಡಿಗೆ ಎತ್ತಿ ತಂದು ಅವರ ಮುಂದಿಟ್ಟಳು. "ಇದ್ನ ತಲೆ ಮೇಲಿಟ್ಕಂಡು ನಿಮ್ ಪಾಲಿನ್ ಬೇಲೀಲಿರೋ ತಡಬೆ ದಾಟಿ ತೋರ್ಸಿ ಪಟೇಲ್ರೇ. ನಾಳೀಕೇ ಕಟ್ತೀನಿ."

"ನಾನ್ಯಾಕ್ ಹೊರ್ಲಿ?"

"ಹಂಗಾರೆ ಹೊರೋರ್ ಮಾತ್ ಕೇಳಿ. ಹೊರೆ ಹೊತ್ತೋರು, ಬಸ್ರೀರು, ಮುದುಕ್ರು ಎಲ್ಲಾ ತಡಬೇಲಿ ಬಿದ್ದವ್ರೇ. ನಿಮ್ ಕಣ್ಣಿಗೆ ಇವ್ಳ ಕಾಲೊಂದೇ ಕಾಣೋದು. ದಾರಿ ನೆಟ್ಗಿದ್ರೆ ಇವ್ಳೂ ನೆಟ್ಗೇ ಹೋಯ್ತಾಳೆ."

ಪಟೇಲರು ರುಮಾಲು ಸರಿಮಾಡಿಕೊಂಡರು. ಇನ್ನೊಂದು ಸಲ ದನ ನುಗ್ಗಿದರೆ ಕಲ್ಲು ಕೀಳಿಸುತ್ತೇನೆ ಎಂದು ಹೇಳಿ ಹೊರಟರು.

ಆ ಸಂಜೆ ದೊಡ್ಡಮ್ಮ ಕರುವಿನ ಹಗ್ಗ ಹಿಡಿದು ಸಂದಿನ ಮುಂದೆ ತುಂಬಾ ಹೊತ್ತು ನಿಂತಿದ್ದಳು. "ದನಕ್ಕೆ ಸೊಂಟ ತಿರುಗಕಿಲ್ಲ ಕಣೇ, ನಿಂಗ್ ತಿರುಗ್ತದೆ" ಎಂದಳು. ಮಾರನೆಯ ದಿನ ಸಂದಿನ ಎದುರಿಗೇ, ಒಂದು ಹೆಜ್ಜೆ ಬಿಟ್ಟು, ಮೂರನೆಯ ಕಲ್ಲು ನೆಟ್ಟಳು. ಒಳಹೊಕ್ಕವರು ಮಗ್ಗುಲಿಗೆ ತಿರುಗಿ ಹೊರಬರಬೇಕು. ಕರು ಮೂತಿ ತೂರಿಸಿ, ತಿರುಗಲಾರದೆ ಹಿಂದಕ್ಕೆ ಸರಿಯಿತು. ನಾನು ಕೋಲೂರಿ ತಿರುಗಿ ಆಚೆ ಹೋದೆ. ಯಾರೂ ನನ್ನನ್ನು ಮುಟ್ಟಲಿಲ್ಲ. ಅಂಥ ಸಂತೋಷ ನನಗೆ ಮತ್ತೆ ಸಿಕ್ಕಿದ್ದಿಲ್ಲ.

ಅದೇ ದಾರಿಯಲ್ಲಿ ಓಡಾಡಿ ಓದಿದೆ, ಅದೇ ಶಾಲೆಯಲ್ಲಿ ಟೀಚರಾದೆ. ಮುಪ್ಪಿನಲ್ಲಿ ಪಟೇಲರೂ ಕೋಲು ಹಿಡಿದು ಆ ಕಲ್ಲುಗಳ ನಡುವೆಯೇ ಬರುತ್ತಿದ್ದರು. "ಹೆಡಿಗೆ ತರ್ಲಾ ಪಟೇಲ್ರೇ?" ಎಂದು ಕೇಳದೆ ದೊಡ್ಡಮ್ಮ ಅವರನ್ನು ಬಿಡುತ್ತಿರಲಿಲ್ಲ.

ಅವಳು ತೀರಿಕೊಂಡಾಗ ಸ್ಮಶಾನಕ್ಕೆ ಹೋಗಬೇಕಾದದ್ದೂ ಆ ದಾರಿಯಲ್ಲೇ. ಚಟ್ಟ ಸಂದಿನಲ್ಲಿ ತಿರುಗಲಿಲ್ಲ. ಕಲ್ಲು ಕೀಳೋಣ ಎಂದರು ಒಬ್ಬರು. ಬೇಲಿಯ ಮೇಲಿಂದ ಎತ್ತಿ ದಾಟಿಸೋಣ ಎಂದರು ಇನ್ನೊಬ್ಬರು. ನಾನು ಅಡ್ಡ ನಿಂತೆ.

"ಕಲ್ ಮುಟ್ಬೇಡಿ. ಅವ್ಳನ್ನ ಎತ್ತಿ ದಾಟ್ಸದೂ ಬ್ಯಾಡ. ಬೇಲಿ ಕಡೀರಿ."

ಕಡಿದರು. ದೊಡ್ಡಮ್ಮ ನೆಟ್ಟಗೆ ಹೋದಳು. ಪಾಲು ಈಗ ನನ್ನದು, ಸಂಜೆಯೊಳಗೆ ನಾನೇ ನಿಂತು ಬೇಲಿ ಕಟ್ಟಿಸಿದೆ. ಆಮೇಲೆ ಕೋಲೂರಿ, ಮೂರು ಕಲ್ಲುಗಳ ನಡುವೆ ತಿರುಗಿ, ಮನೆಗೆ ಬಂದೆ.